ಮಗ್ಗಕ್ಕೆ ಕಲಿಸಿದ ಮೆಮೊರಿ ಪಾಠ

ಗಜೇಂದ್ರಗಡದ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಪಾಠ ಹೇಳುತ್ತೇನೆ. ಪ್ರೋಗ್ರಾಂ ಬಳಸಿ ಬಿಟ್ಟ ಮೆಮೊರಿಯನ್ನು ಕಸವೆಂದು ಗುರುತಿಸಿ ತೆರವು ಮಾಡುವ ವಿಧಾನಗಳನ್ನು ಹೋಲಿಸುವುದರಲ್ಲಿ ನಾನು ನಿಸ್ಸೀಮ. ಹೆಂಡತಿ ನೀಲವ್ವ ಮಗ್ಗದಲ್ಲಿ ಸೀರೆ ನೇಯುತ್ತಾಳೆ. ಅವಳ ತಂಗಿಯ ಮದುವೆಗೆ ಹನ್ನೆರಡೇ ದಿನ ಉಳಿದಿದ್ದವು. ಧಾರೆ ಸೀರೆಯನ್ನು ತಾನೇ ನೇಯುವುದಾಗಿ ಮಾತು ಕೊಟ್ಟಿದ್ದಳು. ಮರುದಿನ ಹೊಸ ಹಾಸು, ಅಂದರೆ ಸೀರೆಯ ಉದ್ದೆಳೆಗಳನ್ನು, ಮಗ್ಗಕ್ಕೆ ಏರಿಸಬೇಕಿತ್ತು. ಅಷ್ಟರಲ್ಲಿ ಮಗ್ಗದ ಕೋಣೆಯನ್ನು ಶಾಸ್ತ್ರೋಕ್ತವಾಗಿ ಸ್ವಚ್ಛಗೊಳಿಸಲು ಸಂಕಲ್ಪಿಸಿದೆ!

ಮೊದಲನೆಯದು ಎಣಿಕೆಯ ವಿಧಾನ. ಒಂದು ವಸ್ತು ಎಷ್ಟು ಜನಕ್ಕೆ, ಎಷ್ಟು ವಸ್ತುಗಳಿಗೆ ಬೇಕು? ಉತ್ತರ ಸೊನ್ನೆಯಾದರೆ ಕಸ.

“ಈ ಖಾಲಿ ಡಬ್ಬಿ ಯಾಕ?” ಎಂದು ನೀಲವ್ವನನ್ನು ಕೇಳಿದೆ.

“ಮಿಕ್ಸರ್ ಇಡಾಕ್ರಿ.”

“ಮಿಕ್ಸರ್ ಸುಟ್ಟು ವರ್ಷಾತು. ಅದ್ಯಾಕ?”

“ಡಬ್ಬಿ ಇನ್ನೂ ಚಲೋ ಐತಲ್ರಿ!”

ಮಿಕ್ಸರಿಗಾಗಿ ಡಬ್ಬಿ, ಡಬ್ಬಿಗಾಗಿ ಮಿಕ್ಸರ್. ಎಣಿಕೆ ಸೊನ್ನೆಗಿಳಿಯುವುದೇ ಇಲ್ಲ. ಈ ದೋಷವನ್ನು ನಾನೇ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ.

ಎರಡನೆಯದು ಗುರುತಿಸಿ ಗುಡಿಸುವ ವಿಧಾನ. ದಿನದ ಕೆಲಸದಿಂದ ಹೊರಟು ಏನೇನು ಬೇಕಾಗುತ್ತದೋ ಅದಕ್ಕೆಲ್ಲ ಸೀಮೆಸುಣ್ಣದ ಗುರುತು, ಗುರುತಿಲ್ಲದ್ದು ಹೊರಗೆ. ಗುಡಿಸುವಾಗ ಉಳಿದ ಚಟುವಟಿಕೆ ನಿಲ್ಲಬೇಕೆಂಬ ನಿಯಮವಿದೆ. ನೀಲವ್ವನನ್ನು ಸಂತೆಗೆ ಕಳಿಸಿದೆ.

ಡಬ್ಬಿ, ಮಿಕ್ಸರ್ ಅಂಗಳಕ್ಕೆ ಹೋದವು. ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಬಾಚಣಿಗೆಯಂಥ ಮಗ್ಗದ ಹಣಿಗೆಯಲ್ಲಿ ಹಿಂದಿನ ಸೀರೆಯ ನೂಲಿನ ತುಂಡುಗಳು ಜೋತಾಡುತ್ತಿದ್ದವು. ಆ ಸೀರೆ ಮಾರಿ ವಾರವಾಗಿತ್ತು. ವಾರಸುದಾರರಿಲ್ಲದ ನೂಲು! ಕತ್ತರಿಸಿದೆ, ಎಳೆದೆ, ಒಲೆಗೆ ಹಾಕಿದೆ. ಮಗ್ಗ ಬೋಳಾಗಿ ಚೆಂದ ಕಂಡಿತು.

ಸಂತೆಯಿಂದ ಬಂದ ನೀಲವ್ವ ಚೀಲ ಕೈಬಿಟ್ಟಳು.

“ಹಳೀ ಎಳಿ ಎಲ್ಲಿ ಅದಾವ್ರಿ?”

“ಕಸ ಇತ್ತು, ಸುಟ್ಟೆ.”

“ಅಯ್ಯ, ಹೊಸಾ ಹಾಸು ಗಂಟ್ ಹಾಕೂದ ಅದಕ್ರೀ! ಹಳೀ ಎಳಿ ಜಗ್ಗಿದ್ರ ಹೊಸಾವು ಅದರ ಬೆನ್ ಹತ್ತಿ ಹಣಿಗಿ ದಾಟಿ ಬರತಿದ್ವು. ಈಗ ಸಾವಿರಾರು ಎಳಿ ಒಂದೊಂದಾಗಿ ಪೋಣಿಸಬೇಕು. ನನ್ನ ತಂಗಿ ಏನ್ ಉಟ್ಕೊಂಡು ಹಸಿಮಣಿ ಏರಬೇಕ್ರಿ?”

ಅವಳ ಕಣ್ಣು ತುಂಬಿದವು. ಸಮರ್ಥನೆಗೆ ಮೂರನೆಯ ವಿಧಾನವೊಂದು ನೆನಪಿಗೆ ಬಂತು, ಆದರೆ ಅದನ್ನು ಬಿಟ್ಟು ರಜೆಯ ಅರ್ಜಿ ಬರೆಯಲು ಕುಳಿತೆ.

ಮೂರು ದಿನ ಕಾಲೇಜಿಗೆ ಹೋಗಲಿಲ್ಲ. ಮಗ್ಗದ ಹಿಂದೆ ಕುಳಿತು ಎಳೆ ಎತ್ತಿ ಕೊಟ್ಟೆ. ಮುಂದೆ ಕುಳಿತು ಅವಳು ಹಣಿಗೆಯ ಸಂದಿಯಿಂದ ಕೊಕ್ಕೆಯಲ್ಲಿ ಎಳೆದುಕೊಂಡಳು. ಸೀರೆ ಮದುವೆಯ ಹಿಂದಿನ ದಿನ ಮಗ್ಗದಿಂದ ಇಳಿಯಿತು.

ಅಂದು ನೀಲವ್ವ ಸೀಮೆಸುಣ್ಣ ಹಿಡಿದು ಬಂದಳು. ಅಂಗಳದ ಡಬ್ಬಿಗೊಂದು, ಮಿಕ್ಸರಿಗೊಂದು ಗುರುತು ಹಾಕಿ ಒಳಗಿಟ್ಟಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬಹಳ ಹೊತ್ತು ನೋಡಿದಳು!

“ಇರ್ಲಿ. ಎಳಿ ಕೊಡಾಕರ ಬರ್ತೀರಿ,” ಎಂದು ನನ್ನ ಅಂಗಿಗೂ ಒಂದು ಗೆರೆ ಎಳೆದಳು.

ಬಚಾವಾದೆ. ಸುಟ್ಟ ಮಿಕ್ಸರಿನ ನಂತರದ ಸ್ಥಾನ ನನ್ನದು.