ಚಾ ಕೇಳುವ ಟೂಲ್‌ಟಿಪ್

ಕಂಪ್ಯೂಟರ್ ತಾನಾಗಿ ಯಾರನ್ನೂ ನಗಿಸುವುದಿಲ್ಲ. ಅದರ ಮುಂದೆ ನಮ್ಮ ಬೀದರ್ ಕಡೆಯವರನ್ನು ಕೂರಿಸಿ ನೋಡಿ, ದಿನಕ್ಕೊಂದು ಪ್ರಸಂಗ ಗ್ಯಾರಂಟಿ!

ಬೀದರ್, ಭಾಲ್ಕಿ, ಔರಾದ್‌ನಲ್ಲಿ ಬೀಜದ ಅಂಗಡಿ ಇಟ್ಟಿರುವ ಸಾವಕಾರರೊಬ್ಬರಿಗೆ ಬಿಲ್ ಮಾಡುವ ವೆಬ್ ಆ್ಯಪ್ ಮಾಡಿಕೊಟ್ಟಿದ್ದೆ. ನನ್ನ ಮೊದಲ ಸ್ವಂತ ಕೆಲಸ! ಆದರೆ ಯಾವ ಬಟನ್ ಯಾತಕ್ಕೆಂದು ಕೇಳಿ ಅಂಗಡಿಗಳಿಂದ ಅವರಿಗೆ ಫೋನೋ ಫೋನು. "ಮೇಡಂ, ಆ್ಯಪ್ ಬಗ್ಗಿ ಇನ್ನೊಂದ್ ಫೋನ್ ಬಂದ್ರ ತೆಗದ್ ಒಗಿತೇನಿ ನೋಡ್ರಿ" ಎಂದರು. ಟೂಲ್‌ಟಿಪ್ ಹಾಕುತ್ತೇನೆ ಎಂದೆ. ಬಟನ್ ಮೇಲೆ ಮೌಸ್ ತಂದರೆ ಸಾಕು, ಪುಟ್ಟ ಚೌಕದಲ್ಲಿ ವಿವರ ಮೂಡುತ್ತದೆ.

ಬೀದರ್

ಕುಣಿಯುತ್ತ ಹೋಗಿ ತೋರಿಸಿದೆ. "ಬಿಲ್ ಮುದ್ರಿಸಿ" ಎಂದು ಮೂಡಿತು. ಸಾವಕಾರರ ಮುಖ ಗಂಟಾಯಿತು.

"ಹಿಂಗ ಹುಕುಂ ಮಾಡಿದ್ರ ಹ್ಯಾಂಗ್ರಿ? ಮೊದಲ ಮಂದಿಗಿ ಮಾತಾಡಸ್ಬೇಕ್ರಿ."

ಅವರು ಹೇಳಿದಂತೆಯೇ ಹಾಕಿದೆ: "ಬರ್ರಿ, ಆರಾಮಿದ್ದೀರಿ? ಚಾ ಆಯ್ತೇನ್ರಿ? ಇಲ್ಲಿ ಒತ್ರಿ, ಬಿಲ್ ಬರ್ತದ." ಚೌಕ ಉಬ್ಬಿ ಬಟನ್ನನ್ನೇ ನುಂಗಿಬಿಟ್ಟಿತು.

"ಏನ್ ಮೇಡಂ," ಎಂದರು ಸಾವಕಾರರು, "ಬರ್ರಿ ಅಂತೀರಿ, ಬಾಗಲಾ ಮುಚ್ತೀರಿ!"

ಭಾಲ್ಕಿ

ಚೌಕವನ್ನು ಪಕ್ಕಕ್ಕೆ ಸರಿಸಿ ಭಾಲ್ಕಿಗೆ ಓಡಿದೆ. ಗಲ್ಲಾದಲ್ಲಿ ಕೂರುವ ಅಕ್ಕ ಮೌಸ್ ಹಿಡಿದು ಸುಮ್ಮನೆ ಕೂತಿದ್ದರು. ಎದುರಿಗೆ ಗಿರಾಕಿಗಳ ಸಾಲು.

"ಯಾಕಕ್ಕ, ಒತ್ತವಲ್ರಿ?"

"ಒತ್ತಿದ್ರ ಅದು ಹೋಗಿಬಿಡ್ತದ್ರಿ. ಚಾ ಆಯ್ತೇನು ಅಂತ ಕೇಳ್ದವ್ರಿಗಿ ನಡುವ ಬಿಟ್ಟ್ ಎದ್ರ ಛಂದ ಕಾಣ್ತದೇನ್ರಿ?"

ಚೌಕವನ್ನು ಮುಚ್ಚುವ × ಗುರುತಿನ ಜಾಗದಲ್ಲಿ "ಬರ್ತೇನ್ರಿ" ಎಂದು ಬರೆದುಕೊಟ್ಟೆ. ಅಕ್ಕನಿಗೆ ಖುಷಿಯೋ ಖುಷಿ. "ಬರ್ತೇನ್ರಿ" ಎಂದು ಗಟ್ಟಿಯಾಗಿ ಹೇಳಿಯೇ ಒತ್ತಿದರು.

ಮುಂದಿದ್ದ ಗಿರಾಕಿ ಗಾಬರಿಯಾದ: "ಎಲ್ಲಿಗಿ ಹೊಂಟ್ರಿ ಅಕ್ಕಾ? ನನ್ನ ಬಿಲ್ ಕೊಟ್ಟರ ಹೋಗ್ರಿ!"

ಔರಾದ್

ಆ್ಯಪ್ ಬಗ್ಗೆ ಇಡೀ ದಿನ ಒಂದೂ ಫೋನ್ ಬರದಿದ್ದರೆ ಪಾಸು ಎಂದು ಸಾವಕಾರರು ಪರೀಕ್ಷೆ ಇಟ್ಟರು. ಆ ದಿನ ಬೀದರ್ ಅಂಗಡಿಯಲ್ಲಿ ಸಾವಕಾರರ ಎದುರೇ ಕೂತೆ. ಇಬ್ಬರ ಕಣ್ಣೂ ಅವರ ಫೋನಿನ ಮೇಲೆ. ಮಧ್ಯಾಹ್ನವಾಯಿತು, ಸಂಜೆಯಾಯಿತು, ಫೋನ್ ತುಟಿಪಿಟಕ್ ಎನ್ನಲಿಲ್ಲ. ಗೆದ್ದೆ ಎಂದುಕೊಂಡು ಏಳುವಷ್ಟರಲ್ಲಿ ರಿಂಗಾಯಿತು. ಔರಾದ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮರು. ಸಾವಕಾರರು ಸ್ಪೀಕರ್ ಹಾಕಿದರು.

"ಸಾವಕಾರ್ರ, ಬಿಲ್ ಛಂದ್ ಬರ್ಲತ್ತಾವ್ರಿ. ಆದ್ರ ಮುಂಜಾನಿಂದ ಚಾ ಆಯ್ತೇನ್ರಿ ಅಂತ ನೀವು ಕೇಳ್ಲತ್ತೀರಿ, ಇಲ್ರಿ ಅಂತ ನಾ ಹೇಳ್ಲತ್ತೀನಿ. ಗಿರಾಕಿ ಮಂದೀನೂ ಹಾದಿ ನೋಡ್ಕೋತ ಕುಂತಾರ. ಚಾ ಯಾವಾಗ ಕಳಸ್ತೀರಿ?"

ಸಾವಕಾರರು ನನ್ನತ್ತ ತಿರುಗಿದರು. "ಫೋನ್ ಬಂತಲ್ರಿ, ಮೇಡಂ."

"ಆ್ಯಪ್ ಬಗ್ಗಿ ಅಲ್ರೀ ಸಾವಕಾರ್ರ, ಚಾದ ಬಗ್ಗಿ!" ಎಂದು ಕೂಗಿದೆ.

ಅವರು ಹೊಟ್ಟೆ ಹಿಡಿದು ನಕ್ಕರು. "ಪಾಸ್ ಆದ್ರಿ, ಹೋಗ್ರಿ! ಆ್ಯಪ್ ಇರ್ಲಿ." ನಾನು ಅಲ್ಲೇ ಕುಣಿದುಬಿಟ್ಟೆ. ಅವರು ಫೋನಿಗೆ ಹೇಳುತ್ತಿದ್ದರು:

"ಈಗ ಚಾ ಕಳಸ್ತೇನಿ. ಆದ್ರ ನಾಳಿ ಅದು ಮತ್ತ ಕೇಳ್ತದ, ಆಯ್ತ್ ಅಂತ ಸುಳ್ಳರ ಹೇಳ್ರಪ್ಪಾ!"