ಕಂಬದಿಂದ ಕಂಬಕ್ಕೆ

ಡಾಕ್ಟರ್ ಹಾಲಸ್ವಾಮಿ ಜಯತೀರ್ಥನ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿ ಗಾಳಿ ತುಂಬಿದರು, ಮುಳ್ಳು ನೋಡಿದರು, ನಂಬಿಕೆ ಬಾರದೆ ಮತ್ತೊಮ್ಮೆ ತುಂಬಿದರು. ಆಮೇಲೆ, ನಿಮ್ಮ ತಂದೆ ಎಷ್ಟನೆಯ ವಯಸ್ಸಿಗೆ ತೀರಿಕೊಂಡರು ಎಂದು ಕೇಳಿದರು. ನಲವತ್ತೈದಕ್ಕೆ ಎಂದ ಜಯತೀರ್ಥ. ನಿಮಗೀಗ ಎಷ್ಟು ಎಂದರು. ನಲವತ್ನಾಲ್ಕು ಎಂದ. ಡಾಕ್ಟರು ತಕ್ಷಣ ಚೀಟಿ ಬರೆಯಲು ಕೂತದ್ದು ಅವನಿಗೆ ಮಿಕ್ಕೆಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಚೀಟಿಯಲ್ಲಿ ಇದ್ದದ್ದು ಒಂದೇ ಮಾತ್ರೆ. ಮಿಕ್ಕದ್ದೆಲ್ಲ ಓಟ.

"ಮೊದಲನೇ ವಾರ ಒಂದು ಕರೆಂಟ್ ಕಂಬದಿಂದ ಇನ್ನೊಂದು ಕಂಬದ ತನಕ ಓಡ್ರಿ. ಅಲ್ಲಿಂದ ಮುಂದಿನ ಕಂಬದ ತನಕ ನಡೀರಿ. ಹಂಗ ಅರ್ಧ ತಾಸು," ಎಂದರು ಡಾಕ್ಟರು. "ವಾರಕ್ಕ ಒಂದು ಕಂಬ ಹೆಚ್ಚು ಮಾಡ್ಕೋತ ಹೋಗ್ರಿ. ಅವಸರ ಮಾತ್ರ ಮಾಡಬ್ಯಾಡ್ರಿ."

ಜಯತೀರ್ಥ ಅವಸರ ಮಾಡುವ ಮನುಷ್ಯನೇ ಅಲ್ಲ. ಆದೋನಿಯ ಸರಕಾರಿ ಬೀಜದ ಕಚೇರಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಅವನು ಗುಮಾಸ್ತ. ಯಾರು ಏನು ಹೇಳಿದರೂ ಒಲ್ಲೆ ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಹಾಗಾಗಿ ಕಚೇರಿಯಲ್ಲಿ ಮೂರು ಜನರ ಕೆಲಸವೂ ಓಣಿಯಲ್ಲಿ ಏಳೆಂಟು ಮನೆಯವರ ಅರ್ಜಿಗಳೂ ಅವನ ಪಾಲಿಗೇ ಬಂದಿದ್ದವು. ಸಂಜೆ ಮನೆಗೆ ಬಂದವನು ಚಪ್ಪಲಿ ಬಿಡುವುದಕ್ಕೂ ತ್ರಾಣವಿಲ್ಲದೆ ಹೊಸಿಲ ಹತ್ತಿರ ಹತ್ತು ನಿಮಿಷ ಸುಮ್ಮನೆ ನಿಲ್ಲುತ್ತಿದ್ದ. ಹೆಂಡತಿ ಪ್ರೇಮಾಬಾಯಿ ಒಳಗಿನಿಂದಲೇ, ಬಂದ್ರೇನು, ಎನ್ನುತ್ತಿದ್ದಳು. ಬಂದೆ ಎನ್ನುವುದಕ್ಕೂ ಅವನು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತಿದ್ದ. ಇಂಥವನು ಈಗ ಓಡಬೇಕಾಗಿತ್ತು.

ಇದು ಎಂಬತ್ತೊಂದನೆಯ ಇಸವಿಯ ಮಾತು. ಆಗ ಆದೋನಿಯಲ್ಲಿ ಬೆಳೆದ ಗಂಡಸೊಬ್ಬ ಓಡುತ್ತಿದ್ದಾನೆಂದರೆ ಬಸ್ಸು ಹೊರಟಿರಬೇಕು, ಇಲ್ಲವೆ ಮನೆಯಲ್ಲಿ ಯಾರಿಗಾದರೂ ಏನಾದರೂ ಆಗಿರಬೇಕು. ಆರೋಗ್ಯಕ್ಕಾಗಿ ಓಡುತ್ತೇನೆ ಎಂದರೆ ಎದುರು ಮನೆಯ ಸಕ್ಕೂಬಾಯಿ ನಾಲ್ಕು ಓಣಿಗೆ ಸುದ್ದಿ ಮುಟ್ಟಿಸುತ್ತಾಳೆಂದು ಜಯತೀರ್ಥ ಈ ಸಂಗತಿಯನ್ನು ಹೆಂಡತಿಗೆ ಬಿಟ್ಟರೆ ಯಾರಿಗೂ ಹೇಳಲಿಲ್ಲ. ಸಕ್ಕೂಬಾಯಿ ಬಾಗಿಲಿಗೆ ನೀರು ಹಾಕುವ ಮೊದಲೇ, ಬನಿಯನ್-ಪೈಜಾಮದ ಮೇಲೆ ಶಾಲು ಹೊದ್ದು, ಭಾವಮೈದುನ ಪ್ರಾಣೇಶ ಬಿಟ್ಟುಹೋಗಿದ್ದ ಕ್ಯಾನ್ವಾಸ್ ಬೂಟಿನ ತುದಿಗೆ ಹಳೆ ಅರಿವೆ ತುರುಕಿ ಹಾಕಿಕೊಂಡು, ಕೌತಾಳಂ ರಸ್ತೆಗೆ ಹೋಗುತ್ತಿದ್ದ.

ಮೊದಲ ದಿನ ಒಂದು ಕಂಬದ ದೂರ ಓಡಿ ಎರಡನೆಯದನ್ನು ಎರಡೂ ಕೈಗಳಿಂದ ತಬ್ಬಿಕೊಂಡು ನಿಂತ. ಬಂಡಿ ಹೊಡೆದುಕೊಂಡು ಬರುತ್ತಿದ್ದ ರೈತನೊಬ್ಬ ಕೆಳಗಿಳಿದು, ಕರೆಂಟು ಹಿಡಿದಿದೆಯೇನೋ ಎಂದು ದೂರದಿಂದಲೇ ಬಾರುಕೋಲಿನಿಂದ ಅವನನ್ನು ಬಿಡಿಸಲು ನೋಡಿದ. ಎರಡನೆಯ ವಾರ ಎರಡು ಕಂಬ, ಮೂರನೆಯ ವಾರ ಮೂರು. ನಾಲ್ಕನೆಯ ವಾರ ಮೊಣಕಾಲು ಹಿಡಿದು, ಕಚೇರಿಯಲ್ಲಿ ಕುರ್ಚಿಯಿಂದ ಏಳುವಾಗಲೆಲ್ಲ ದೇವರ ನಾಮ ಬಾಯಿಗೆ ಬರುತ್ತಿತ್ತು. ಆದರೂ ಬಿಡಲಿಲ್ಲ. ನಲವತ್ತೈದು ಹತ್ತಿರ ಬರುತ್ತಿತ್ತು.

ಐದನೆಯ ವಾರದ ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಅವನು ಐದನೆಯ ಕಂಬ ಮುಟ್ಟುವುದಕ್ಕೂ ಹಿಂದಿನಿಂದ ಕೌತಾಳಂ ಬಸ್ಸು ಬರುವುದಕ್ಕೂ ಸರಿಹೋಯಿತು. ಕಂಡಕ್ಟರ್ ಚಂದ್ರಣ್ಣ ಬಾಗಿಲಲ್ಲಿ ನಿಂತಿದ್ದ. ಅವನ ತಂದೆಯ ಪಿಂಚಣಿಯ ಅರ್ಜಿಯನ್ನು ಜಯತೀರ್ಥನೇ ಬರೆದುಕೊಟ್ಟಿದ್ದ. ಅಂಥ ಉಪಕಾರಿ ಬಸ್ಸಿಗಾಗಿ ಹೀಗೆ ಏದುಸಿರು ಬಿಡುತ್ತ ಓಡುವುದನ್ನು ಕಂಡು ಅವನ ಕರುಳು ಚುರ್ರೆಂದಿತು. ಸೀಟಿ ಊದಿ ಬಸ್ಸು ನಿಲ್ಲಿಸಿಯೇಬಿಟ್ಟ.

"ಒಂದು ಕೈ ಮಾಡಿದ್ರ ನಿಲ್ಲಿಸ್ತಿದ್ವಲ್ರಿ ಸ್ವಾಮಿ. ಇಷ್ಟು ದೂರ ಓಡೋದೇನಿತ್ತು? ಹತ್ರಿ," ಎಂದ.

ಬಸ್ಸಿಗಾಗಿ ಅಲ್ಲ ಎಂದು ಹೇಳಲು ಜಯತೀರ್ಥ ಬಾಯಿ ತೆರೆದ. ಐದು ಕಂಬ ಓಡಿದವನ ಬಾಯಿಂದ ಗಾಳಿಯ ಹೊರತು ಏನೂ ಬರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಎರಡು ಕೈ ಅವನನ್ನು ಎಳೆದುಕೊಂಡವು. ಮುದುಕಿಯೊಬ್ಬಳು ಎದ್ದು ಜಾಗ ಕೊಟ್ಟಳು. ಯಾರೋ ತಂಬಿಗೆಯ ನೀರು ಕೊಟ್ಟರು. ತನಗಾಗಿ ನಿಂತ ಬಸ್ಸಿನಲ್ಲಿ ಮೂವತ್ತು ಜನ ಮರುಕದಿಂದ ನೋಡುತ್ತಿರುವಾಗ, ನಾನು ಎಲ್ಲಿಗೂ ಹೋಗುತ್ತಿರಲಿಲ್ಲ, ಸುಮ್ಮನೆ ಓಡುತ್ತಿದ್ದೆ ಎನ್ನುವುದು ಹೇಗೆ? ಚಂದ್ರಣ್ಣ ಟಿಕೆಟ್ಟಿನ ಮಾತೆತ್ತದೆ, ಎಲ್ಲಿಗೆ ಎಂದು ಮಾತ್ರ ಕೇಳಿದ. ಉಸಿರು ಬಂದ ಮೇಲೆ ಜಯತೀರ್ಥ ಮೆಲ್ಲಗೆ, ಮುಂದಿನ ಸ್ಟಾಪಿಗೆ, ಎಂದ.

"ಹೊಸದೊಡ್ಡಿಗಾ? ಆಗ್ಲಿ, ಆರಾಮ ಕೂಡ್ರಿ."

ಹೊಸದೊಡ್ಡಿ ಅಲ್ಲಿಂದ ಆರು ಮೈಲಿ.

ಜಯತೀರ್ಥ ಕಿಟಕಿಯ ಹೊರಗೆ ಹಿಂದಕ್ಕೆ ಸರಿಯುತ್ತಿದ್ದ ಕಂಬಗಳನ್ನು ನೋಡುತ್ತ ಕೂತ. ಬೆವರೊರೆಸಲು ಎದೆಯ ಮೇಲೆ ಕೈಯಾಡಿಸಿದಾಗ ಜನಿವಾರಕ್ಕೆ ಕಟ್ಟಿದ ಬೀಗದಕೈ ಸಿಕ್ಕಿತು. ಕಚೇರಿಯ ಅಲ್ಮಾರದ ಕೀಲಿ ಅದು, ಇರುವುದೇ ಒಂದು. ಆ ದಿನ ಜಿಲ್ಲಾ ಅಧಿಕಾರಿ ಗೋವಿಂದಪ್ಪನವರು ಕರ್ನೂಲಿನಿಂದ ತನಿಖೆಗೆ ಬರುವವರಿದ್ದರು. ಕಡತಗಳೆಲ್ಲ ಅದೇ ಅಲ್ಮಾರದಲ್ಲಿದ್ದವು. ಹೋದ ವರ್ಷ ಇಂಥದೇ ಒಂದು ಕೀಲಿ ಸಿಗದೆ ಪಕ್ಕದ ತಾಲೂಕಿನ ಗುಮಾಸ್ತನೊಬ್ಬ ಸಸ್ಪೆಂಡ್ ಆಗಿದ್ದ. ಅಷ್ಟು ಹೊತ್ತು ತಂಪಾಗುತ್ತಿದ್ದ ಬೆವರು ಮತ್ತೆ ಬಿಸಿಯಾಯಿತು.

ಹೊಸದೊಡ್ಡಿಯಲ್ಲಿ ಇಳಿದು ವಿಚಾರಿಸಿದರೆ ಆದೋನಿಗೆ ಬಸ್ಸು ಹನ್ನೊಂದಕ್ಕೆ. ಬಂಡಿಗಳೆಲ್ಲ ಹೊಲದ ಕಡೆ ಹೊರಟಿದ್ದವು. ಜಯತೀರ್ಥ ಒಂದು ಗಳಿಗೆ ಬೇವಿನ ಮರದ ಕೆಳಗೆ ನಿಂತ. ನಿಂತಲ್ಲೇ ಕುಸಿದು ಮಲಗಬೇಕೆನ್ನಿಸುವಷ್ಟು ಸುಸ್ತಾಗಿತ್ತು. ಆಮೇಲೆ ಶಾಲನ್ನು ಸೊಂಟಕ್ಕೆ ಬಿಗಿದು ಓಡತೊಡಗಿದ.

ಊರ ಹೊರಗಿನ ಬೋರಿಂಗಿನ ಹತ್ತಿರ ಕೊಂಡಮ್ಮ ಕೊಡ ತುಂಬುತ್ತಿದ್ದಳು. ಪ್ರತಿ ವರ್ಷ ಶೇಂಗಾ ಬೀಜಕ್ಕಾಗಿ ಕಚೇರಿಯ ಮುಂದೆ ಸಾಲು ನಿಲ್ಲುವವಳು, ಅವನ ಗುರುತು ಹಿಡಿದಳು. ಆಚಾರ ಮಾಡುವ ಬ್ರಾಹ್ಮಣ ಬನಿಯನ್ನಿನಲ್ಲಿ ಬೀದಿಗಿಳಿದು ಓಡುತ್ತಿರುವುದನ್ನು ಕಂಡು ಆಕೆಯ ಕೈಯಿಂದ ಕೊಡ ಜಾರಿತು.

"ಏಮೈಂದಿ ಸ್ವಾಮಿ, ಏನಾತ್ರಿ? ಮನ್ಯಾಗ ಯಾರರ ಹೋಗ್ಬಿಟ್ರೇನ್ರಿ?" ಎಂದಳು.

ಜಯತೀರ್ಥನಿಗೆ ನಿಂತು ವಿವರಿಸಲು ಹೊತ್ತೂ ಇರಲಿಲ್ಲ, ಉಸಿರೂ ಇರಲಿಲ್ಲ. ಏನು ಕೇಳಿದಳೆಂಬುದೂ ಸರಿಯಾಗಿ ತಲೆಗೆ ಹೋಗಲಿಲ್ಲ. ರೂಢಿಯಂತೆ ತಲೆಯಾಡಿಸಿ ಮುಂದೆ ಹೋದ. ಕೊಂಡಮ್ಮ ಅಲ್ಲೇ ಕೂತು ಅಳತೊಡಗಿದಳು. ಸ್ವಲ್ಪ ಹೊತ್ತಿನಲ್ಲಿ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಮೌಲಾಲಿ ಬಂದ. ಜಯತೀರ್ಥನ ಓಣಿಗೆ ಹಾಲು ಕೊಡುವವನು ಅವನೇ. ಸ್ವಾಮಿಯ ಮನೆಯಲ್ಲಿ ಸಾವಾಗಿದೆ, ಬೇಗ ಹೋಗು ಎಂದಳು ಕೊಂಡಮ್ಮ. ಅಷ್ಟು ಹೇಳಿ ಮತ್ತೆ ಅಳಲು ಹತ್ತಿದ್ದರಿಂದ, ಈ ಸುದ್ದಿ ನಿನಗೆ ಹೇಗೆ ತಿಳಿಯಿತು ಎಂದು ಮೌಲಾಲಿ ಕೇಳಲಿಲ್ಲ.

ಅವನು ದಾರಿಯಲ್ಲಿ ಜಯತೀರ್ಥನನ್ನು ಕಾಣಲೂ ಇಲ್ಲ. ಜಯತೀರ್ಥ ಆಗ ಶೇಂಗಾ ಹೊಲದ ಗುಡಿಸಲಿನಲ್ಲಿದ್ದ. ಹೊಲ ಕಾಯುವ ಲಾಲಪ್ಪ ಬಡಿಗೆ ಅಡ್ಡ ಹಿಡಿದು ಅವನನ್ನು ನಿಲ್ಲಿಸಿದ್ದ. ಯಾರು ಬೆನ್ನು ಹತ್ತಿದ್ದಾರೆ ಎಂಬುದೊಂದೇ ಅವನ ಪ್ರಶ್ನೆ. ಯಾರೂ ಇಲ್ಲ ಎಂದರೆ ನಂಬಲೊಲ್ಲ. ಡಾಕ್ಟರು ಓಡಲು ಹೇಳಿದ್ದಾರೆ ಎಂದಾಗಂತೂ ಅವನಿಗೆ ಅನುಮಾನ ಗಟ್ಟಿಯಾಯಿತು.

"ಡಾಕ್ಟ್ರು ಮಲಕೋ ಅಂತಾರ, ಓಡು ಅಂತಾರೇನ್ರಿ? ನೀವು ಹೆದರ್ಕೊಂಡೀರಿ. ಒಳಗ ಕೂಡ್ರಿ, ನಾವು ನೋಡ್ತೀವಿ," ಎಂದು ಹಸಿ ಶೇಂಗಾ ಮುಂದಿಟ್ಟು, ಇನ್ನಿಬ್ಬರನ್ನು ಕರೆದುಕೊಂಡು, ಇಲ್ಲದ ವೈರಿಗಳನ್ನು ಹುಡುಕಲು ಹೊಲಗಳೊಳಗೆ ನುಗ್ಗಿದ. ತನಗಾಗಿ ಮೂರು ಜನ ಬಡಿಗೆ ಹಿಡಿದು ಹೋಗಿರುವಾಗ ಎದ್ದು ಹೋಗುವುದು ಜಯತೀರ್ಥನಿಗೆ ಸರಿ ಕಾಣಲಿಲ್ಲ. ಒಂದು ತಾಸು ಶೇಂಗಾ ಬಿಡಿಸುತ್ತ, ಸಸ್ಪೆಂಡ್ ಆದ ಗುಮಾಸ್ತನ ಮುಖವನ್ನು ನೆನೆಯುತ್ತ ಕೂತ. ಲಾಲಪ್ಪ ಬಂದು, ಯಾರೋ ಏನೋ, ನಮ್ಮನ್ನು ನೋಡಿ ಓಡಿಹೋಗಿದ್ದಾರೆ ಎಂದು ಧೈರ್ಯ ಹೇಳಿದ ಮೇಲೆಯೇ ಬಿಡುಗಡೆ.

ಮತ್ತೆ ರಸ್ತೆ, ಮತ್ತೆ ಕಂಬಗಳು. ಐದು ಓಡಿದ, ಒಂದು ನಡೆದ. ಮತ್ತೆ ಐದು ಓಡಿದ. ಆಮೇಲೆ ಎಣಿಸುವುದನ್ನು ಬಿಟ್ಟ. ಎಲ್ಲಿಯೋ ಅರ್ಧ ದಾರಿಯಲ್ಲಿ ಒಂದು ವಿಚಿತ್ರವಾಯಿತು. ಉಸಿರು ತಾನಾಗಿಯೇ ಒಂದು ಲೆಕ್ಕಕ್ಕೆ ಬಂತು. ಮೊಣಕಾಲಿನ ನೋವು ಬೇರೆ ಯಾರದೋ ನೋವಿನಂತೆ ದೂರವಾಯಿತು. ಎರಡೂ ಬದಿಗೆ ಹತ್ತಿಯ ಹೊಲ, ಎದುರಿಗೆ ಆದೋನಿಯ ಗುಡ್ಡ. ಅರ್ಜಿ ಬರೆದುಕೊಡು ಎನ್ನುವವರು ಕಣ್ಣಳತೆಯಲ್ಲಿ ಒಬ್ಬರೂ ಇರಲಿಲ್ಲ. ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಜಯತೀರ್ಥ ತನ್ನಷ್ಟಕ್ಕೆ ತಾನಿದ್ದ.

ಇತ್ತ ಓಣಿಯಲ್ಲಿ ಮೌಲಾಲಿ ಹಾಲಿನ ಜೊತೆಗೆ ಸಾವನ್ನೂ ತಂದಿಳಿಸಿದ್ದ. ಸಕ್ಕೂಬಾಯಿ ಬಂದು ಮನೆಯವರನ್ನು ಎಣಿಸಿದಳು. ಪ್ರೇಮಾಬಾಯಿ ಒಲೆಯ ಮುಂದಿದ್ದಾಳೆ, ಹೆಣ್ಣುಮಕ್ಕಳಿಬ್ಬರೂ ಜಡೆ ಹಾಕಿಕೊಳ್ಳುತ್ತಿದ್ದಾರೆ. ಕಾಣದವನು ಒಬ್ಬನೇ. ಅಂದ ಮೇಲೆ ಹೋದವನು ಯಾರೆಂದು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

"ಏನೂ ಆಗಿಲ್ರಿ. ಓಡ್ಲಿಕ್ಕೆ ಹೋಗ್ಯಾರ, ಬರ್ತಾರ," ಎಂದಳು ಪ್ರೇಮಾಬಾಯಿ.

ಓಡಿಹೋಗಿದ್ದಾನೆಂದರೆ ಇದು ಸಾವಿಗಿಂತ ದೊಡ್ಡ ಸುದ್ದಿಯೆಂದು ಕೆಲವರಿಗೆ ಅನ್ನಿಸಿತು. ದುಃಖದಿಂದ ಆಕೆಗೆ ಏನು ಹೇಳುತ್ತಿದ್ದೇನೆಂಬುದೇ ತಿಳಿಯುತ್ತಿಲ್ಲ ಎಂದು ಸಕ್ಕೂಬಾಯಿ ಎಲ್ಲರನ್ನೂ ಸುಮ್ಮನಾಗಿಸಿದಳು. ಹೊತ್ತು ಏರಿದಂತೆ ಪ್ರೇಮಾಬಾಯಿಯೂ ಒಲೆ ಬಿಟ್ಟು ಮತ್ತೆ ಮತ್ತೆ ಬಾಗಿಲಿಗೆ ಬಂದು ನೋಡತೊಡಗಿದಳು. ಒಂಬತ್ತಕ್ಕೆ ಕೀಲಿ ಕೇಳಲು ಬಂದ ಕಚೇರಿಯ ಜವಾನ ನಾಗಣ್ಣ ಬಾಗಿಲಿನಿಂದಲೇ ಹಿಂದಿರುಗಿ ಹೋಗಿ ವರದಿ ಕೊಟ್ಟ. ಸ್ವಲ್ಪ ಹೊತ್ತಿಗೆ ಗೋವಿಂದಪ್ಪನವರ ಜೀಪು ಓಣಿಯ ಬಾಯಿಗೆ ಬಂದು ನಿಂತಿತು. ಅವರು ತಲೆ ತಗ್ಗಿಸಿ ಕಟ್ಟೆಯ ಹತ್ತಿರ ನಿಂತರು. ಕೀಲಿ ಜನಿವಾರದಲ್ಲಿದೆಯೆಂದು ನಾಗಣ್ಣ ಹೇಳಿದ್ದ. ಅದನ್ನು ಯಾವ ಮಾತಿನಲ್ಲಿ ಕೇಳಬೇಕೆಂದು ತಿಳಿಯದೆ ಮೂರು ಸಲ ಕನ್ನಡಕ ಒರೆಸಿದರು.

ಆಗ ಓಣಿಯ ತಿರುವಿನಲ್ಲಿ ಜಯತೀರ್ಥ ಓಡುತ್ತ ಬಂದ. ಮೈಯೆಲ್ಲ ಕೆಂಪು ಧೂಳು, ಕೂದಲಲ್ಲಿ ಶೇಂಗಾ ಸಿಪ್ಪೆ.

ಗುಂಪು ಎರಡು ಹೋಳಾಗಿ ದಾರಿ ಬಿಟ್ಟಿತು. ಮೊದಲು ಚೇತರಿಸಿಕೊಂಡವಳು ಸಕ್ಕೂಬಾಯಿ. "ನಿನ್ನ ಸಲುವಾಗಿ ಮುಂಜಾನಿಂದ ಒಲಿ ಹಚ್ಚಿಲ್ಲೋ ನಾನು. ಒಂದು ಗುಟುಕು ಕಾಫಿ ಕುಡಿದಿಲ್ಲ," ಎಂದಳು. ಆಕೆಯ ದನಿಯಲ್ಲಿ ನಿಜವಾದ ನೋವಿತ್ತು. ಜಯತೀರ್ಥ ಅಭ್ಯಾಸಬಲದಿಂದ ತಪ್ಪಾಯಿತು ಎಂದ. ಪ್ರೇಮಾಬಾಯಿ ಹೊರಗೆ ಬಂದು ಒಂದು ಚೊಂಬು ನೀರು ಕೊಟ್ಟಳು. ಆಕೆಯ ಕಣ್ಣುಗಳು ಕೆಂಪಾಗಿದ್ದವು. ಅವನು ನೀರು ಕುಡಿದು ಮುಗಿಸುವ ತನಕ ಆಕೆ ಅವನ ಬನಿಯನ್ನಿನ ಅಂಚನ್ನು ಬಿಡಲಿಲ್ಲ.

ಗೋವಿಂದಪ್ಪನವರು ಎಲ್ಲಿಂದ ಬಂದಿರಿ ಎಂದು ಕೇಳಿದರು. ಜಯತೀರ್ಥ ಕೀಲಿ ಬಿಚ್ಚಿ ಕೊಡುತ್ತ, ಹೊಸದೊಡ್ಡಿಯಿಂದ ಎಂದ. ಎಷ್ಟು ಹೊತ್ತು ಹಿಡಿಯಿತು ಎಂದರು. ಗುಡಿಸಲಿನಲ್ಲಿ ಕೂತದ್ದು ಬಿಟ್ಟರೆ ಒಂದೂವರೆ ತಾಸು ಎಂದ. ಅವರು ಗಡಿಯಾರ ನೋಡಿಕೊಂಡರು, ಅವನ ಕಾಲು ನೋಡಿದರು. ಆಮೇಲೆ ಮುಖದಲ್ಲಿ ನಗು ಮೂಡಿತು.

"ದಿನಾ ಆಗ್ತದಾ ಇದು ನಿಮ್ಮ ಕೈಲೆ?"

ಓಣಿಗೆ ಓಣಿಯೇ ಕಿವಿಗೊಟ್ಟು ನಿಂತಿತ್ತು. ಸತ್ತನೆಂದು ಬಂದವರೆಲ್ಲ ಈಗ ಅವನನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದರು. ಹುಟ್ಟಿದಾರಭ್ಯ ಯಾರೂ ಅವನನ್ನು ಹಾಗೆ ನೋಡಿರಲಿಲ್ಲ. ಜಯತೀರ್ಥ ಎದೆ ನೆಟ್ಟಗೆ ಮಾಡಿದ.

"ಆಗ್ತದ ಸಾರ್. ಇನ್ನೂ ಹೆಚ್ಚು ಮಾಡ್ಕೋತ ಹೋಗೋ ವಿಚಾರ ಐತಿ," ಎಂದ.

ಆ ದಿನದ ತನಿಖೆ ಹೂವೆತ್ತಿದ ಹಾಗೆ ಮುಗಿಯಿತು. ಕಡತಗಳಲ್ಲಿ ಗೋವಿಂದಪ್ಪನವರು ಒಂದು ತಪ್ಪನ್ನೂ ಹುಡುಕಲಿಲ್ಲ. ನಡುವೆ ಎರಡು ಸಲ ಟೈಪಿಸ್ಟನನ್ನು ಕರೆಸಿಕೊಂಡು, ಜಯತೀರ್ಥನ ಕಡೆ ನೋಡಿ ತಲೆದೂಗಿದರು. ಕಾಲು ಮರದ ದಿಮ್ಮಿಯಾಗಿದ್ದರೂ ಅವನ ಮನಸ್ಸು ಹಗುರಾಗಿತ್ತು. ಹೆಡ್‌ಕ್ಲಾರ್ಕ್ ಹುದ್ದೆ ಖಾಲಿ ಬಿದ್ದು ಎರಡು ವರ್ಷವಾಗಿತ್ತು. ಪ್ರೇಮಾಬಾಯಿಗೆ ಬಡ್ತಿಯ ಸುದ್ದಿಯನ್ನು ಯಾವ ಮಾತಿನಲ್ಲಿ ಹೇಳಬೇಕೆಂಬುದನ್ನೂ ಅವನು ಆಲೋಚಿಸಿಟ್ಟುಕೊಂಡ.

ನಾಲ್ಕಕ್ಕೆ ಜೀಪು ಕರ್ನೂಲಿಗೆ ಹೊರಟಿತು. ನಾಗಣ್ಣ ಒಂದು ಹಾಳೆ, ಒಂದು ರಿಜಿಸ್ಟರು ಹಿಡಿದು ಬಂದ.

ಹೊಸದೊಡ್ಡಿಯಲ್ಲಿ ಸರಕಾರ ಬೀಜದ ಡಿಪೋ ತೆರೆದು ಎಂಟು ತಿಂಗಳಾಗಿತ್ತು. ಅಲ್ಲಿಗೆ ಹಾಕಿದ ಮೂವರು ಗುಮಾಸ್ತರೂ ಸಂಜೆ ಮರಳಲು ಬಸ್ಸಿಲ್ಲವೆಂದು ಬರೆದುಕೊಟ್ಟು ತಪ್ಪಿಸಿಕೊಂಡಿದ್ದರು. ಬಸ್ಸಿನ ಅಗತ್ಯವೇ ಇಲ್ಲದ ನೌಕರನೊಬ್ಬ ದೊರೆತಿರುವುದನ್ನು ಖುದ್ದಾಗಿ ಪರಿಶೀಲಿಸಲಾಗಿದ್ದು, ಸದರಿ ನೌಕರನ ಸ್ವಂತ ಕೋರಿಕೆಯ ಮೇರೆಗೆ ನಾಳೆಯಿಂದಲೇ ಅವನನ್ನು ಆ ಡಿಪೋಕ್ಕೆ ವರ್ಗ ಮಾಡಲಾಗಿದೆ ಎಂದು ಹಾಳೆಯಲ್ಲಿತ್ತು. ಬಾಗಿಲು ತೆರೆಯುವ ಹೊತ್ತು ಬೆಳಿಗ್ಗೆ ಎಂಟು.

ಜಯತೀರ್ಥ ಅದನ್ನು ಎರಡು ಸಲ ಓದಿದ. ಸಹಿ ಹಾಕಬೇಕಾದ ಸಾಲನ್ನು ನಾಗಣ್ಣ ಬೆರಳಿಟ್ಟು ತೋರಿಸಿದ.

"ಡಿಪೋ ಸ್ಟಾಪಿನ ಹತ್ರ ಇಲ್ರಿ. ಅಲ್ಲಿಂದ ಒಳಗ ಇನ್ನೂ ಎರಡು ಮೈಲಿ ಐತಿ," ಎಂದ.

ಆ ಎರಡು ಮೈಲಿಗೆ ರಸ್ತೆ ಇದೆಯೇ ಎಂದು ಜಯತೀರ್ಥ ಕೇಳಿದ. ನಾಗಣ್ಣ ರಿಜಿಸ್ಟರನ್ನು ಅವನ ಕಡೆ ಇನ್ನಷ್ಟು ಸರಿಸಿದ.

"ದಾರಿ ಐತ್ರಿ. ನಡುವ ಒಂದು ಹಳ್ಳ ಜಿಗೀಬೇಕಾಗ್ತದ."

ಜಯತೀರ್ಥ ಕುರ್ಚಿ ಎಳೆದುಕೊಂಡು ಮೆಲ್ಲಗೆ ಕೂತು, ಪೆನ್ನು ಕೇಳಿ ತೆಗೆದುಕೊಂಡು, ಸಹಿ ಹಾಕಿದ.