ಮೇವು ಬೇಡದ ಎಮ್ಮೆಗಳು

ದನದ ಆಸ್ಪತ್ರೆಯಲ್ಲಿ ನೌಕರಿ ಮಾಡುವವನಿಗೆ ರಜೆ ಅನ್ನುವುದು ಹೆಸರಿಗಷ್ಟೇ. ಮದುವೆಯ ಪಂಕ್ತಿಯಲ್ಲಿ ಹೋಳಿಗೆಗೆ ಕೈ ಹಾಕುವ ಹೊತ್ತಿಗೆ ಪಕ್ಕದವರು ಬಗ್ಗಿ, ತಮ್ಮ ಆಕಳಿಗೆ ಎರಡು ದಿನದಿಂದ ಭೇದಿ ಅಂತ ಕಿವಿಯಲ್ಲಿ ಹೇಳುತ್ತಾರೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಹೊರಗಿನಿಂದ ಯಾರೋ ಆಡಿನ ಬಾಯಿ ತೆಗೆದು ತೋರಿಸುತ್ತಾರೆ. ಇದೆಲ್ಲ ನನಗೆ ರೂಢಿಯಾಗಿತ್ತು. ಆದರೆ ಸಿನಿಮಾದೊಳಗಿನ ಎಮ್ಮೆಗೂ ನಾನೇ ಜವಾಬು ಕೊಡಬೇಕಾಗಿ ಬರುತ್ತದೆ ಅಂತ ಎಣಿಸಿರಲಿಲ್ಲ.

ನಾನು ಔರಾದ್ ತಾಲ್ಲೂಕಿನಲ್ಲಿ ಜಾನುವಾರು ಇನ್‌ಸ್ಪೆಕ್ಟರ್. ಡಾಕ್ಟರ್ ಅಲ್ಲ, ಆದರೂ ಎಲ್ಲರೂ ಕರೆಯುವುದು ಡಾಕ್ಟರ್ ಅಂತಲೇ. ಅದು ಮಳೆ ಕೈಕೊಟ್ಟ ಎರಡನೇ ವರ್ಷ. ಜನ ಕೆಲಸ ಹುಡುಕಿಕೊಂಡು ಹೈದರಾಬಾದ್, ಪುಣೆ ಕಡೆ ಗುಳೆ ಹೋಗಿದ್ದರು. ದನಗಳಿಗೆ ಮಾತ್ರ ಊರ ಹೊರಗೆ, ಸಂತಪುರದ ರಸ್ತೆಯ ಬಗಲಿಗೆ ಗೋಶಾಲೆ ತೆರೆದಿದ್ದರು. ನನ್ನ ಡ್ಯೂಟಿ ಅಲ್ಲಿ.

ಆ ಬೇಸಿಗೆಯಲ್ಲೇ ಬೀದರಿಗೆ ಒಂದು ಪಿಕ್ಚರ್ ಬಂತು. ಹಿಂದೆ ಅದು ಕೈಯಲ್ಲಿ ಬರೆದ ಗೊಂಬೆಗಳ ಚಿತ್ರ, ಟಿವಿಯಲ್ಲಿ ಮಕ್ಕಳು ಮತ್ತೆ ಮತ್ತೆ ನೋಡುತ್ತಿದ್ದರು. ಮಳೆ ಇಲ್ಲದ ಕಾಡಿನಿಂದ ಎಮ್ಮೆಗಳ ಹಿಂಡು ನೀರು ಹುಡುಕಿಕೊಂಡು ಹೊರಡುತ್ತದೆ, ಒಂದು ಕರು ಹಾದಿ ತಪ್ಪುತ್ತದೆ, ಒಂದು ಕಾಗೆ ಅದರ ಜೊತೆಯಾಗುತ್ತದೆ. ಅದೇ ಕಥೆಯನ್ನು ಈಗ ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡಿದ್ದರು. ಎಮ್ಮೆಯ ಮೈಮೇಲಿನ ಕೂದಲು, ಮೂಗಿನ ಪಸೆ, ಕಿವಿಯ ಮೇಲಿನ ನೊಣ, ಎಲ್ಲ ಥೇಟ್ ಖರೇ.

ಮುಖ

ಐದನೇ ತರಗತಿಯ ನನ್ನ ಮಗಳಿಗೆ ಹಳೆಯ ಚಿತ್ರ ಬಾಯಿಪಾಠ. ಹೊಸದು ಬಂದಿದೆ ಅಂತ ಗೊತ್ತಾದ ಮೇಲೆ ಬಿಡಲಿಲ್ಲ. ಒಂದು ಭಾನುವಾರ ಆಕೆಯನ್ನೂ ಹೆಂಡತಿಯನ್ನೂ ಕರೆದುಕೊಂಡು ಬಸ್ಸು ಹತ್ತಿ ಬೀದರಿಗೆ ಹೋದೆ.

ಪಿಕ್ಚರ್ ಶುರುವಾಗಿ ಐದು ನಿಮಿಷ ಆಗಿರಲಿಲ್ಲ, ಹಿಂಡಿನ ಮುಂದಿನ ಕೋಣ ಸ್ವಲ್ಪ ಕುಂಟಿದ ಹಾಗೆ ಕಂಡಿತು. ಹೆಂಡತಿಯ ಕಡೆ ಬಗ್ಗಿ, "ಎಡಗಾಲಿನ ಗೊರಸಿನಾಗ ಹುಣ್ಣು ಇರಬೇಕು" ಅಂದೆ.

"ಇವತ್ತು ಐತ್ವಾರ ಅದ. ಸುಮ್ನ ಕೂಡ್ರಿ" ಅಂದಳು.

ಕರು ಹಾದಿ ತಪ್ಪಿತು. ಹಳೆಯ ಚಿತ್ರದಲ್ಲಿ ಈ ಜಾಗದಲ್ಲಿ ಅದರ ಕಣ್ಣಿಂದ ನಿಂಬೆಹಣ್ಣಿನಷ್ಟು ದೊಡ್ಡ ಹನಿ ಬೀಳುತ್ತಿದ್ದವು. ಇಲ್ಲಿ ಕರು ಸುಮ್ಮನೆ ನಿಂತು ನಮ್ಮ ಕಡೆ ನೋಡಿತು. ಮಗಳು ನನ್ನ ತೋಳು ಜಗ್ಗಿದಳು.

"ಅಪ್ಪಾ, ಅದು ಅಳ್ಲತ್ತದೇನು?"

"ಅಳ್ಲತ್ತದ."

ಆಮೇಲೆ ಕಾಗೆ ಬಂದು ಸಮಾಧಾನದ ಮಾತು ಹೇಳಿತು. ಕರು ಮತ್ತೆ ಹಾಗೇ ನಿಂತು ನಮ್ಮ ಕಡೆ ನೋಡಿತು.

"ಈಗ?"

"ಈಗ ಖುಷಿ ಆಗ್ಯದ."

"ಎರಡೂ ಒಂದೇ ಮುಖ ಅದ ಅಲಾ ಅಪ್ಪಾ."

ಆಕೆ ಹೇಳಿದ್ದು ಖರೇ ಇತ್ತು. ಅಷ್ಟು ಕಷ್ಟಪಟ್ಟು ಖರೇ ಎಮ್ಮೆಯ ಮುಖ ಮಾಡಿದ್ದರು. ಖರೇ ಎಮ್ಮೆಯ ಮುಖದಲ್ಲಿ ಏನು ತಾನೇ ತಿಳಿಯುತ್ತದೆ. ನಾನು ನನ್ನ ಇಲಾಖೆಯ ಜ್ಞಾನವನ್ನೆಲ್ಲ ತೆಗೆದು, ದನದ ಮನಸ್ಸು ಮುಖದಲ್ಲಿ ಕಾಣುವುದಿಲ್ಲ, ಕಿವಿ ಮತ್ತು ಬಾಲ ನೋಡಬೇಕು ಅಂತ ಹೇಳಿಕೊಟ್ಟೆ. ಅಲ್ಲಿಂದ ಮಗಳು ಬಾಲ ನೋಡಿಕೊಂಡೇ ಇಡೀ ಕಥೆ ತಿಳಿದುಕೊಂಡಳು.

ಹೊರಗೆ ಬಂದ ಮೇಲೆ ಹೆಂಡತಿ ಮಗಳಿಗೆ ಹೇಳಿದಳು. "ಎಮ್ಮಿದಾದ್ರೂ ಛಲೋ ಅದ. ನಿಮ್ಮಪ್ಪನ ಮುಖ ಹದಿನೈದು ವರ್ಷದಿಂದ ನೋಡ್ಲತ್ತೇನಿ, ಸಿಟ್ಟದನೋ ಖುಷಿ ಅದನೋ ಇನ್ನಾ ತಿಳಿದಿಲ್ಲ. ನೋಡಾಕ ಬಾಲ ಬ್ಯಾರೆ ಇಲ್ಲ."

ಆಯಿಯ ವಿಚಾರಣೆ

ಗೋಶಾಲೆಯಲ್ಲಿ ಒಬ್ಬ ಆಯಿ ಇದ್ದಳು. ಅರವತ್ತು ದಾಟಿದ ಗಟ್ಟಿ ಹೆಂಗಸು. ಮನೆಯವರೆಲ್ಲ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದಾಗ ಈಕೆ ಬರುವುದಿಲ್ಲ ಅಂದಳಂತೆ. ಕಾರಣ, ಎರಡು ದೇವಣಿ ತಳಿಯ ಎತ್ತು. ಬಿಳಿ ಮೈ, ಕಪ್ಪು ಮಚ್ಚೆ, ಜೋತುಬಿದ್ದ ಕಿವಿ. ಆ ಬರದಲ್ಲೂ ಅವುಗಳ ಮೈ ಇಳಿಯಲು ಬಿಟ್ಟಿರಲಿಲ್ಲ. ಮೇವು ಹಾಕುವಾಗ ಎತ್ತಿನ ಪಕ್ಕ ನಿಂತು, ತಿಂದು ಮುಗಿಸಿದ ಮೇಲೆಯೇ ತಾನು ರೊಟ್ಟಿ ಬಿಚ್ಚುತ್ತಿದ್ದಳು.

ಸೋಮವಾರ ಮುಂಜಾನೆ ನಾನು ಅಲ್ಲಿ ಪಿಕ್ಚರಿನ ಸುದ್ದಿ ಹೇಳಿದೆ. ಆಯಿ ಹತ್ತಿರ ಬಂದಳು.

"ಎಷ್ಟು ಎಮ್ಮಿ ಇದ್ದುವು, ಡಾಕ್ಟರಪ್ಪಾ?"

"ಕಣ್ಣು ಹರಿಯೂತನಕ ಎಮ್ಮಿನೇ, ಆಯಿ."

"ಮೈ ಹ್ಯಾಂಗಿದ್ದುವು?"

"ದುಂಡಗ."

"ಬರಗಾಲದ ಕಥಿ ಅಂತೀದಿ. ಮತ್ತ ಮೇವು ಯಾರು ಹಾಕ್ತಾರ?"

"ಖರೇ ಎಮ್ಮಿ ಅಲ್ಲ ಆಯಿ. ಕಂಪ್ಯೂಟರಿನಾಗ ಮಾಡಿದ್ದು."

"ಅಂದ್ರ ಮೇವು ಬ್ಯಾಡ?"

"ಬ್ಯಾಡ."

"ನೀರು?"

"ಬ್ಯಾಡ."

"ಸಗಣಿ?"

"ಹಾಕಂಗಿಲ್ಲ."

"ಹಾಲು?"

"ಕೊಡಂಗಿಲ್ಲ."

"ಮತ್ತ ಏನು ಮಾಡ್ತಾವ?"

"ಮಾತಾಡ್ತಾವ. ನಡುವ ಒಂದೊಂದು ಹಾಡು ಹಾಡ್ತಾವ."

ಆಯಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಮ್ಮ ಅಳಿಯನೂ ಹಂಗೇ ಅದಾನ. ಅಂವಗ ಊಟ ಮಾತ್ರ ಬೇಕಾಗ್ತದ."

ಇವುಗಳ ದಲ್ಲಾಳಿ ಯಾರು

ಗೋಶಾಲೆಗೆ ವಾರಕ್ಕೊಮ್ಮೆ ಭಾಲ್ಕಿಯಿಂದ ಒಬ್ಬ ದನದ ದಲ್ಲಾಳಿ ಬರುತ್ತಿದ್ದ. ನಾವೆಲ್ಲ ಕಾಕಾ ಅಂತಿದ್ದೆವು. ಆಯಿಯ ಎತ್ತುಗಳ ಮೇಲೆ ಅವನ ಕಣ್ಣು. ಬಂದಾಗಲೆಲ್ಲ ಅವುಗಳ ಮೈಮೇಲೆ ಕೈ ಆಡಿಸಿ, "ಆಯಿ, ಕೊಡ್ತೀ?" ಅನ್ನುವನು. "ಇಲ್ಲ" ಅನ್ನುವಳು. ಅವನು ಚಹಾ ಕುಡಿದು ಹೋಗುವನು.

ಆ ವಾರ ಅವನ ಮೊಬೈಲಿಗೆ ಪಿಕ್ಚರಿನ ಒಂದು ತುಣುಕು ಬಂದಿತ್ತು. ಎಮ್ಮೆಗಳ ಹಿಂಡು ಹೊಳೆ ದಾಟುವ ದೃಶ್ಯ. ಅವನು ಅದನ್ನು ನಾಲ್ಕು ಸಲ ನೋಡಿದ. ಆಮೇಲೆ ನನಗೆ ತೋರಿಸಿ ಭಾಳ ಗಂಭೀರವಾಗಿ ಕೇಳಿದ.

"ಡಾಕ್ಟರ್ ಸಾಬ್, ಒಂದು ಎಮ್ಮಿನೂ ಬಡಕಲಿಲ್ಲ. ಇವುಗಳ ದಲ್ಲಾಳಿ ಯಾರು?"

ಕಂಪ್ಯೂಟರಿನ ವಿಷಯ ಹೇಳಿದೆ. ಅವನು ಒಪ್ಪಲಿಲ್ಲ.

"ಉಸಿರಿಗಿ ಹೊಟ್ಟಿ ಹ್ಯಾಂಗ ಏರಿ ಇಳೀಲತ್ತದ ನೋಡ್ರಿ. ನೀವು ಸೂಜಿ ಚುಚ್ಚೋರು, ನಾವು ಮೂವತ್ತು ವರ್ಷ ಕೈ ಆಡಿಸಿದೋರು. ಇವು ಖರೇ ಅವ. ಮಾತು ಅಷ್ಟೇ ಮ್ಯಾಲಿಂದ ಹಾಕ್ಯಾರ."

ಆಯಿ ಎತ್ತಿನ ಪಕ್ಕದಿಂದಲೇ ಮಾತು ತೆಗೆದಳು. "ಶರ್ತು ಕಟ್ತೀ?"

"ಯಾವ ಶರ್ತು?"

"ಅವು ಖರೇ ಇದ್ರ ನನ್ನ ಎತ್ತು ನಿನಗ, ನೀ ಹೇಳಿದ ದರಕ್ಕ. ಸುಳ್ಳಾದ್ರ ಇನ್ನ ಮುಂದ ನನ್ನ ಎತ್ತಿನ ಮಾತು ತೆಗೀಬ್ಯಾಡ."

ಕಾಕಾ ನಕ್ಕು, "ತೀರ್ಪು ಯಾರು ಕೊಡೋರು?" ಅಂದ.

"ನೀನೇ ನೋಡು, ನೀನೇ ಹೇಳು."

ಅವನು ಹೋದ ಮೇಲೆ ನಾನು ಆಯಿಯ ಹತ್ತಿರ ಹೋದೆ. "ಆಯಿ, ಖರೇ ಅವ ಅಂತ ಅಂವ ಸುಳ್ಳು ಹೇಳಿಬಿಟ್ರ?"

"ಮೂರು ವರ್ಷದಿಂದ ನನ್ನ ಎತ್ತು ಬೇಡ್ಲತ್ತಾನ. ದರ ಇಳಿಸಾಕ ಮೈಮ್ಯಾಲಿನ ಸುಳಿ ಸರಿ ಇಲ್ಲ, ಕಾಲು ಸರಿ ಇಲ್ಲ ಅಂತ ಒಂದು ದಿನ ಹೆಸರಿಟ್ಟಿಲ್ಲ. ದನದ ಮಾತಿನಾಗ ಅಂವ ಸುಳ್ಳು ಹೇಳಂಗಿಲ್ಲ."

ಆಮೇಲೆ ದನಿ ಇಳಿಸಿದಳು. "ನೀ ಹೇಳಿದ್ದು ಖರೇ ಅದ ಇಲ್ಲ? ಕಂಪ್ಯೂಟರ್ ಅಂತ ನಿನಗ ಯಾರು ಹೇಳ್ಯಾರ?"

"ಪೇಪರಿನಾಗ ಓದೇನಿ, ಆಯಿ."

"ಈ ವರ್ಷ ಮಳಿ ಛಲೋ ಆಗ್ತದಂತನೂ ಪೇಪರಿನಾಗೇ ಬಂದಿತ್ತು."

ಮುಕಾದಮ್

ಬೀದರಿನ ಕೊಳಾರದ ಗೋದಾಮಿನಿಂದ ಮಾಲು ತರುವ ಒಂದು ಟೆಂಪೋ ಮುಂಜಾನೆ ಖಾಲಿ ಹೋಗುತ್ತಿತ್ತು. ಅದರಲ್ಲಿ ನಾನು, ಆಯಿ, ಕಾಕಾ ಮೂವರೂ ಹೋದೆವು. ಎತ್ತುಗಳನ್ನು ನೋಡಿಕೊಳ್ಳಲು ಆಯಿ ಪಕ್ಕದವರಿಗೆ ಮೂರು ಸಲ ಹೇಳಿ ಬಂದಿದ್ದಳು.

ಟಾಕೀಸಿನಲ್ಲಿ ಕಾಕಾ ಮುಂದಿನ ಕುರ್ಚಿಯ ಬೆನ್ನು ಹಿಡಿದು ಬಗ್ಗಿ ಕೂತ. ಸಂತೆಯಲ್ಲಿ ಕೂತ ಹಾಗೆಯೇ. ಆಯಿಗೆ ಮೊದಲ ತೊಡಕು ಭಾಷೆಯದು.

"ಇವು ಹಿಂದಿ ಮಾತಾಡ್ತಾವಲ್ಲ."

"ಹೂಂ ಆಯಿ."

"ಅಂದ್ರ ಹೈದ್ರಾಬಾದ್ ಕಡೀವು."

"ಅಲ್ಲ" ಅಂದ ಕಾಕಾ ಕಣ್ಣು ತೆಗೆಯದೆ. "ಹೈದ್ರಾಬಾದಿನ ಹಿಂದಿ ಹಿಂಗಿರಂಗಿಲ್ಲ. ಇವು ಭಾಳ ದೂರದವು."

ನಮ್ಮ ಹಿಂದಿನ ಸಾಲಿನಲ್ಲಿ ಸಾಯಗಾಂವದ ಕಡೆಯ ಗಂಡ ಹೆಂಡತಿ ಕೂತಿದ್ದರು. ಕಬ್ಬು ಕಡಿಯುವ ಕೆಲಸ ಮುಗಿಸಿ ಆ ವಾರವೇ ಊರಿಗೆ ಮರಳಿದವರು ಅಂತ ಅವರ ಮಾತಿನಿಂದ ತಿಳಿಯಿತು. ಪರದೆಯ ಮೇಲೆ ಕಾಡು ಒಣಗಿತು, ಎಮ್ಮೆಗಳು ಕರುಗಳನ್ನು ನಡುವೆ ಹಾಕಿಕೊಂಡು ಸಾಲಾಗಿ ಹೊರಟವು.

"ಇವೂ ಗುಳೆ ಹೊಂಟಾವ ನೋಡು" ಅಂದಳು ಆ ಹೆಂಗಸು.

ಆ ದಿನಗಳಲ್ಲಿ ಗುಳೆ ಹೋಗದ ಮನೆ ಅಲ್ಲಿ ಯಾರದೂ ಇರಲಿಲ್ಲ. ಮುಂದಿನ ದೊಡ್ಡ ಕೋಣ ಗುಡ್ಡ ಹತ್ತಿ ನಿಂತು ಎಲ್ಲರಿಗೂ ಒಂದು ಉದ್ದ ಭಾಷಣ ಮಾಡಿತು. ಅಲ್ಲಿ ನೀರಿದೆ, ಹಸಿರಿದೆ, ನನ್ನ ಹಿಂದೆ ಬನ್ನಿ ಅಂತ. ಅವಳ ಗಂಡ ಅದನ್ನು ಕೊನೆಯತನಕ ಕೇಳಿ, ಕಬ್ಬಿಗೆ ಜನ ಕರೆದೊಯ್ಯುವ ಮೇಸ್ತ್ರಿಯನ್ನು ನೆನೆದು ಹೇಳಿದ.

"ಇಂವ ಮುಕಾದಮ್ ಅದಾನ. ನಮ್ಮಂವನೂ ಹಿಂಗೇ ಹೇಳಿದ್ದ. ಅಲ್ಲಿ ಹೋಗಿ ನೋಡಿದ್ರ ಬರೀ ಟ್ಯಾಂಕರ್ ನೀರು."

ಎದ್ದು ನಿಂತ ಕಾಕಾ

ಅರ್ಧ ಪಿಕ್ಚರ್ ಮುಗಿಯುವ ಹೊತ್ತಿಗೆ ನಮ್ಮ ಪಕ್ಷ ಸೋಲುವ ಹಾಗೆ ಕಂಡಿತು. ಎಮ್ಮೆ ಬಾಲದಿಂದ ನೊಣ ಹೊಡೆಯಿತು. "ಖರೇ ಅದ" ಅಂದ ಕಾಕಾ. ಕರು ಮೊಲೆಗೆ ಬಾಯಿ ಹಾಕುವಾಗ ಕೆಚ್ಚಲಿಗೆ ಗುದ್ದಿತು. "ಖರೇ ಅದ, ಖರೇ ಅದ" ಅಂದ. ಅವನ ದನಿಯಲ್ಲಿ ಶರ್ತು ಗೆಲ್ಲುವ ಖುಷಿ ಇರಲಿಲ್ಲ, ಬರೀ ಬೆರಗು. ಇಂಟರ್ವಲ್‌ನಲ್ಲಿ ಚಹಾ ತಂದುಕೊಟ್ಟರೆ ಆಯಿ ಕುಡಿಯಲಿಲ್ಲ.

"ಡಾಕ್ಟರಪ್ಪಾ, ನನಗೂ ಖರೇ ಅನಸ್ಲತ್ತದ" ಅಂದಳು. "ಎತ್ತು ಕೊಟ್ಟು ನಾ ಯಾರ ಮುಖ ನೋಡ್ಲಿ?"

ಎರಡನೇ ಸಲ ನೋಡುವಾಗ ನನಗೇ ಸಂಶಯ ಹತ್ತಿತ್ತು.

ಇಂಟರ್ವಲ್ ಮುಗಿದು ಸ್ವಲ್ಪ ಹೊತ್ತಿಗೆ ಕರು ಹಾಡಲು ಶುರು ಮಾಡಿತು. ಅದರ ಮುಖ ಪರದೆಯ ತುಂಬ ಬಂತು. ಕೊನೆಯ ಸಾಲಿಗೆ ಬಾಯಿ ಅಗಲ ತೆರೆದು ದನಿ ಎಳೆಯಿತು. ಕಾಕಾ ಎದ್ದು ನಿಂತ. ಹಿಂದಿನವರು "ಕೂಡ್ರಿ, ಕೂಡ್ರಿ" ಅಂದರು. ಕೂಡಲಿಲ್ಲ. ಹಾಡು ಮುಗಿದ ಮೇಲೆ ಕೂತ. ಆಮೇಲೆ ಒಂದು ಸಲವೂ "ಖರೇ ಅದ" ಅನ್ನಲಿಲ್ಲ.

ಹೊರಗೆ ಬಿಸಿಲಿಗೆ ಬಂದು ನಿಂತ ಮೇಲೆ ಆಯಿಯ ಕಡೆ ತಿರುಗಿದ.

"ಆಯಿ, ನಿನ್ನ ಎತ್ತು ನಿನ್ನವೇ. ಇನ್ನ ಕೇಳಂಗಿಲ್ಲ."

"ಯಾಕ?" ಅಂದಳು.

"ಮ್ಯಾಲಿನ ಸಾಲಿನಾಗ ಮುಂದಿನ ಹಲ್ಲು ಅದಾವ ಅದಕ್ಕ. ದನಕ್ಕ, ಎಮ್ಮಿಗಿ ಮ್ಯಾಲ ಮುಂದಿನ ಹಲ್ಲು ಎಲ್ಲಿರ್ತಾವ? ಬರೀ ವಸಡು. ಮನುಷ್ಯಾರ ಹಲ್ಲು ತಂದು ಕೂಡಿಸ್ಯಾರ."

ಆಯಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ದಿನಾ ಹತ್ತಾರು ದನದ ಬಾಯಿ ತೆಗೆಸುವ ನಾನು ಆ ಪಿಕ್ಚರ್ ಎರಡು ಸಲ ನೋಡಿದ್ದೆ. ನನಗೆ ಕಂಡಿರಲಿಲ್ಲ.

ಕಾಕಾನಿಗೆ ಅಷ್ಟಕ್ಕೇ ಸಮಾಧಾನ ಆಗಲಿಲ್ಲ. ಸೀದಾ ಟಾಕೀಸಿನ ಮ್ಯಾನೇಜರನ ಖೋಲಿಗೆ ಹೋದ. ನಾವೂ ಹಿಂದೆ ಹೋದೆವು. ಮ್ಯಾನೇಜರ್ ತಾಳ್ಮೆಯ ಮನುಷ್ಯ, ಕುರ್ಚಿ ಕೊಟ್ಟು ಕೂಡಿಸಿ ದೂರು ಪೂರಾ ಕೇಳಿದ.

"ಇದು ಧೋಕಾ ಅದರಿ" ಅಂದ ಕಾಕಾ. "ಮಕ್ಕಳು ನೋಡೋ ಪಿಕ್ಚರ್. ಎಮ್ಮಿಗಿ ಮ್ಯಾಲಿನ ಹಲ್ಲು ಇರ್ತಾವ ಅಂತ ತಿಳ್ಕೋತಾವ."

"ಕಾಕಾ" ಅಂದ ಮ್ಯಾನೇಜರ್, "ಎರಡು ತಾಸು ಎಮ್ಮಿ ಮಾತಾಡ್ಯದ. ಕಾಗಿ ಜೋಡಿ ದೋಸ್ತಿ ಮಾಡ್ಯದ. ಹಾಡು ಹಾಡ್ಯದ. ಅದಕ್ಕೆಲ್ಲಾ ಸುಮ್ನ ಕೂತಿದ್ರಿ. ಹಲ್ಲಿಗಿ ಯಾಕ ಜಗಳಾ ತೆಗೀಲತ್ತೀರಿ?"

ಅನ್ಯಾಯದ ಮಾತು ಆಡುವ ಮನುಷ್ಯ ಕಾಕಾ ಅಲ್ಲ.

"ಮಾತಿಂದು ನನಗ ಗೊತ್ತಿಲ್ರಿ" ಅಂದ. "ನನ್ನ ಮುಂದ ಯಾವ ಎಮ್ಮಿನೂ ಮಾತಾಡಿಲ್ಲ. ಬ್ಯಾರೆಯವರ ಮುಂದ ಮಾತಾಡಿರಬಹುದು, ನಾ ಹ್ಯಾಂಗ ಇಲ್ಲ ಅನ್ಲಿ? ಆದ್ರ ಬಾಯಿ ತೆಗೆದು ನೋಡೇನಿ."